ದಂಡಿನ ಬಜಾರು, ಸರ್ಕಾರದ ಚೀಟಿ

ಮಾರ್ಕ್ ಕಬ್ಬನ್ 1834ರಲ್ಲಿ ಮೈಸೂರು ಸೀಮೆಯ ಕಮಿಷನರಾಗಿ ಬಂದಾಗ ಇಲ್ಲಿ ಸುಂಕ ತಾಗದ ಕೆಲಸವೇ ಇರಲಿಲ್ಲ. ಮದುವೆಗೆ ಸುಂಕ, ಮಗು ಹುಟ್ಟಿದರೆ ಸುಂಕ, ಅದಕ್ಕೆ ಹೆಸರಿಟ್ಟರೆ ಸುಂಕ, ತಲೆಗೂದಲು ತೆಗೆಸಿದರೆ ಇನ್ನೊಂದು ಸುಂಕ. ಒಂದು ಊರಿನವರು ತಲೆತಲಾಂತರದಿಂದ ದಂಡ ತೆರುತ್ತ ಬಂದಿದ್ದರು. ಅವರ ಹಿರಿಯರು ಎಂದೋ ಪಾಳೆಯಗಾರನ ತಪ್ಪಿಸಿಕೊಂಡ ಕುದುರೆಯನ್ನು ಹುಡುಕಿಕೊಟ್ಟಿರಲಿಲ್ಲವಂತೆ. ನಗರ ಸೀಮೆಯ ಒಂದು ಜಾಗದಲ್ಲಿ ಕೈಗಳನ್ನು ಮೈಗೆ ಒತ್ತಿಕೊಳ್ಳದೆ ನಡೆದುಹೋದವನು ಕಾಸು ಎಣಿಸಬೇಕಾಗಿತ್ತು. ಇಂಥ 769 ಚಿಲ್ಲರೆ ತೆರಿಗೆಗಳನ್ನು ಕಬ್ಬನ್ ಆಡಳಿತ ರದ್ದುಮಾಡಿತೆಂದು ಬಿ.ಎಲ್. ರೈಸ್ ತಮ್ಮ ಗೆಜೆಟಿಯರಿನಲ್ಲಿ ಬರೆದಿಟ್ಟಿದ್ದಾರೆ. ಓದುವಾಗ ನಗು ಬರುತ್ತದೆ, ತೆತ್ತವರಿಗೆ ಬಂದಿರಲಾರದು.

ಈ ಸುಂಕಗಳನ್ನೆಲ್ಲ ಸರ್ಕಾರ ತಾನೇ ಎತ್ತುತ್ತಿರಲಿಲ್ಲ. ಸಾಯರನ್ನು, ಎಂದರೆ ಸರಕಿನ ಸುಂಕವನ್ನು, ಗುತ್ತಿಗೆಗೆ ಕೊಡುತ್ತಿತ್ತು. ಗುತ್ತಿಗೆದಾರ ಅದನ್ನು ಒಳಗುತ್ತಿಗೆಗೆ ಕೊಡುತ್ತಿದ್ದ. ಮಲೆನಾಡಿನಿಂದ ಹೊರಟ ಅಡಿಕೆಯ ಮೂಟೆ ಘಟ್ಟದ ಕೆಳಗಿನ ತಮಿಳು ಸೀಮೆ ಸೇರುವಷ್ಟರಲ್ಲಿ ಸುಂಕದ ಕಟ್ಟೆಯ ಮೇಲೆ ಕಟ್ಟೆ ದಾಟಬೇಕು, ಒಂದೊಂದು ಕಟ್ಟೆಯಲ್ಲೂ ಒಬ್ಬೊಬ್ಬನ ಕೈ ಬಿಸಿ ಮಾಡಬೇಕು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆಯನ್ನು ನಮ್ಮವರು ಅನುಭವಿಸಿಯೇ ಹುಟ್ಟಿಸಿದ್ದು. ಮಗ್ಗ, ಗಾಣ, ಅಂಗಡಿಗಳ ಮೇಲೆ ಮೊಹತರ್ಫ ಬೇರೆ. ನೇಯುವವನು ಬಟ್ಟೆ ಮಾರುವ ಮೊದಲೇ, ಮಗ್ಗ ಇಟ್ಟುಕೊಂಡದ್ದಕ್ಕೆ ಸಾಲಗಾರನಾಗುತ್ತಿದ್ದ.

ಕಬ್ಬನ್ ಈ ಹೊರೆಯನ್ನು ಇಳಿಸಿದ್ದು ದೊಡ್ಡ ಕೆಲಸ. ಆದರೆ ಅವನು ಕೂತು ರಾಜ್ಯವಾಳುತ್ತಿದ್ದ ಬೆಂಗಳೂರಿನ ಪೂರ್ವದ ಬಯಲಲ್ಲಿ ಬೇರೊಂದು ಬಗೆಯ ಕಟ್ಟೆ ಏಳುತ್ತಿತ್ತು. ಅದು ದುಡ್ಡಿಗಿಂತ ಮೊದಲು ಅಪ್ಪಣೆಯನ್ನು ಕೇಳುವ ಕಟ್ಟೆ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿ ಬೀಡುಬಿಟ್ಟಿದ್ದ ಈಸ್ಟ್ ಇಂಡಿಯಾ ಕಂಪನಿಯ ಸೇನೆಯನ್ನು ಜ್ವರ ತಿಂದುಹಾಕುತ್ತಿತ್ತು. ತಂಪು ಹವೆ ಹುಡುಕಿಕೊಂಡು ಅವರು ಬೆಂಗಳೂರಿಗೆ ಬಂದರು. ಹಲಸೂರಿನ ಪಕ್ಕದ ಎತ್ತರದ ಬಯಲನ್ನು ಮೈಸೂರು ಸರ್ಕಾರ ಬಿಟ್ಟುಕೊಟ್ಟಿತು. ಮದರಾಸು ಸೇನೆಯ ಎಂಜಿನಿಯರ್ ಜಾನ್ ಬ್ಲಾಕಿಸ್ಟನ್ ಬ್ಯಾರಕ್ಕುಗಳ ನಕ್ಷೆ ಹಾಕಿದ. 1809ರ ಹೊತ್ತಿಗೆ ದಂಡು ನೆಲೆನಿಂತಿತು. ಕೆಂಪೇಗೌಡರ ಪೇಟೆ ಪಶ್ಚಿಮಕ್ಕೆ, ದಂಡು ಪೂರ್ವಕ್ಕೆ. ನಡುವೆ ಬಯಲು, ಆಮೇಲೆ ಕಬ್ಬನ್ ಪಾರ್ಕು.

ಸೋಲ್ಜರ್ ತಾನೇ ರೊಟ್ಟಿ ಸುಟ್ಟುಕೊಳ್ಳುವವನಲ್ಲ, ತಾನೇ ಬಟ್ಟೆ ಒಗೆದುಕೊಳ್ಳುವವನೂ ಅಲ್ಲ. ಮದರಾಸು ಪಲ್ಟಣಗಳ ಬೆನ್ನಿಗೆ ಆರ್ಕಾಟು ಸೀಮೆಯಿಂದ ತಮಿಳರು ಬಂದರು: ಮುದಲಿಯಾರರು, ಪಿಳ್ಳೆಗಳು, ಹೊಲಗೇರಿಗಳಿಂದ ಎದ್ದುಬಂದ ಕೂಲಿಗಳು. ದಖ್ಖನಿ ಮಾತಾಡುವ ಮುಸಲ್ಮಾನ ಕಟುಕರು, ಲಾಳ ಕಟ್ಟುವವರು, ದರ್ಜಿಗಳು ಬಂದರು. ಕಚ್ಛಿ ಮೇಮನರು ಆಮೇಲೆ ಬಂದು ಅಂಗಡಿ ತೆರೆದರು. ಹಲಸೂರು, ದೊಮ್ಮಲೂರು, ಈಗ ಇಂದಿರಾನಗರದೊಳಗೆ ಕರಗಿಹೋಗಿರುವ ಬಿನ್ನಮಂಗಲ, ಇನ್ನೂ ಆಚೆಯ ಕೃಷ್ಣರಾಜಪುರ, ಈ ಊರುಗಳ ಒಕ್ಕಲಿಗರೂ ತಿಗಳರೂ ಸೊಪ್ಪು, ತರಕಾರಿ, ಹಾಲು, ಹುಲ್ಲಿನ ಹೊರೆ ಹೊತ್ತು ಬೆಳಗಿನ ಜಾವ ದಂಡಿನ ಬಜಾರಿಗೆ ಇಳಿಯುತ್ತಿದ್ದರು. 1881ರ ಜನಗಣತಿಯಲ್ಲಿ ದಂಡಿನಲ್ಲಿ 93,540 ಜನ, ಪೇಟೆಯ ಕಡೆ 62,317. ಸೈನಿಕರು ಅದರಲ್ಲಿ ಸಣ್ಣ ಪಾಲು. ಉಳಿದವರೆಲ್ಲ ಆ ಸಣ್ಣ ಪಾಲಿಗೆ ಏನನ್ನಾದರೂ ಮಾರಿಯೋ ದುಡಿದುಕೊಟ್ಟೋ ಬದುಕುತ್ತಿದ್ದವರು, ಅಥವಾ ಹಾಗೆ ಬದುಕುವವರಿಗೆ ಮಾರಿ ಬದುಕುತ್ತಿದ್ದವರು.

ಇಷ್ಟು ಜನರ ಅನ್ನ ನಿಂತಿದ್ದು ಯಾವ ಹಕ್ಕಿನ ಮೇಲೂ ಅಲ್ಲ. ದಂಡಿನ ನೆಲ ಸೇನೆಯದು. ಬಜಾರಿನಲ್ಲಿ ಕೂರಲು ಅಪ್ಪಣೆ ಬೇಕು, ಪಲ್ಟಣದ ಬಜಾರಿನಲ್ಲಿ ಮಾರುವ ಸರಕಿಗೆ ನಿರಖು ಗೊತ್ತುಮಾಡುವವನು ಮೇಲಿನವನು, ಕೊತ್ವಾಲನ ಕಣ್ಣಿಗೆ ಬೀಳಬಾರದ್ದು ಬಿದ್ದರೆ ಗಡಿಯಾಚೆಗೆ ದಬ್ಬುವುದೂ ಅವನ ಕೈಯಲ್ಲೇ. ಬಾಡಿಗೆ, ಗುತ್ತಿಗೆ, ಜಾತಿಯ ಕಟ್ಟು, ಹಳ್ಳಿಯ ಸಂತೆಯ ವಾಡಿಕೆ ಇವೆಲ್ಲ ನಮ್ಮ ಜನಕ್ಕೆ ಗೊತ್ತಿದ್ದವು. ಸಂಪಾದನೆಯೆನ್ನುವುದೇ ಒಬ್ಬ ಅಧಿಕಾರಿ ದಿನದಿನವೂ ಕೊಡುತ್ತಿರುವ ಅನುಮತಿ ಎಂಬ ಭಾವನೆ ಮಾತ್ರ ಹೊಸದು. ಅದು ಈ ಊರಿಗೆ ಬಂದದ್ದು ದಂಡಿನ ಬಾಗಿಲಿಂದ ಎಂದೇ ನನ್ನ ತಿಳಿವಳಿಕೆ.

ಅಪ್ಪಣೆ ಇದ್ದಲ್ಲಿ ಅದನ್ನು ದಕ್ಕಿಸಿಕೊಂಡವರೂ ಇರುತ್ತಾರೆ. ಆರ್ಕಾಟ್ ನಾರಾಯಣಸ್ವಾಮಿ ಮುದಲಿಯಾರರು ಬಡತನದಲ್ಲಿ ಬೀದಿಯ ವ್ಯಾಪಾರದಿಂದ ಬದುಕು ಆರಂಭಿಸಿದವರೆಂದು ಹೇಳುತ್ತಾರೆ. ಸರಬರಾಜಿನ ಕೆಲಸ ಹಿಡಿದರು, ಅಲ್ಲಿಂದ ಕಟ್ಟಡದ ಗುತ್ತಿಗೆಗೆ ಬಂದರು. 1860ರ ದಶಕದಲ್ಲಿ ಎದ್ದ ಕೆಂಪು ಅಠಾರಾ ಕಚೇರಿ, ಇಂದಿನ ಹೈಕೋರ್ಟು, ಅವರ ಗುತ್ತಿಗೆಯಲ್ಲಿ ಕಟ್ಟಿದ್ದು. 1873ರಲ್ಲಿ ದಂಡಿನ ಮಕ್ಕಳಿಗೆ ಶಾಲೆ ತೆರೆದರು. ಆರ್‌ಬಿಎಎನ್‌ಎಂ ಹೆಸರಿನ ಸಂಸ್ಥೆಗಳು ಹಲಸೂರು ಕೆರೆಯ ದಿಕ್ಕಿನಲ್ಲಿ ಇಂದಿಗೂ ನಡೆಯುತ್ತಿವೆ. ವೀಳ್ಯದೆಲೆ ಮಾರಿ ದೊಡ್ಡವರಾದ ಎಲೆ ಮಲ್ಲಪ್ಪ ಶೆಟ್ಟರ ಹೆಸರು ಕೃಷ್ಣರಾಜಪುರದಾಚೆಯ ಹಳೆ ಮದರಾಸು ರಸ್ತೆಯ ಕೆರೆಗೆ ಅಂಟಿಕೊಂಡಿದೆ. ಬುಟ್ಟಿಯಿಂದ ಬಂಗಲೆಗೆ ದಾರಿ ಇತ್ತು, ಇಲ್ಲವೆನ್ನಲಾಗದು. ಆದರೆ ಮುದಲಿಯಾರರ ಏಣಿ ಸರ್ಕಾರದ ಗುತ್ತಿಗೆಯದು. ಅದರ ಮೊದಲ ಮೆಟ್ಟಿಲು ಯಾವುದೋ ಸಾಹೇಬನ ಮೇಜಿನ ಹತ್ತಿರವೇ ಇತ್ತು.

ಆ ಮೇಜಿನ ಹತ್ತಿರ ಹೋಗಬಲ್ಲವರು ಮತ್ತು ಹೋಗಲಾರದವರ ನಡುವಣ ಅಂತರವನ್ನು ನೋಡಬೇಕಾದರೆ ದಂಡಿನಿಂದ ಇನ್ನಷ್ಟು ಪೂರ್ವಕ್ಕೆ, ಕೋಲಾರದ ಕಡೆಗೆ ಹೋಗಬೇಕು. 1802ರಲ್ಲಿ ಮೈಸೂರಿನ ಪೂರ್ವ ಗಡಿಯನ್ನು ಅಳೆಯಲು ಬಂದ ಲೆಫ್ಟಿನೆಂಟ್ ಜಾನ್ ವಾರನ್ ಉರಿಗಾಂ, ಮಾರಿಕುಪ್ಪಗಳಲ್ಲಿ ಚಿನ್ನದ ಸುದ್ದಿ ಕೇಳಿ, ತೋರಿಸಿದವರಿಗೆ ಇನಾಮು ಸಾರಿದ. ಹಳ್ಳಿಯವರು ಮಣ್ಣು ತಂದು ಅವನ ಕಣ್ಣೆದುರೇ ತೊಳೆದು ಚಿನ್ನದ ಕಣ ತೋರಿಸಿದರು. ಮಾರಿಕುಪ್ಪದಲ್ಲಿ ಹೊಲೆಯರ ಗಂಡಾಳುಗಳು ಬಾವಿಯಂಥ ಗುಂಡಿಗಳಿಗೆ ಮಣ್ಣಿನ ಹಣತೆ ಹಿಡಿದು ಇಳಿಯುತ್ತಿದ್ದರು, ಕಲ್ಲನ್ನು ಬುಟ್ಟಿಯಲ್ಲಿ ಕೈಯಿಂದ ಕೈಗೆ ಮೇಲಕ್ಕೆ ದಾಟಿಸುತ್ತಿದ್ದರು, ಹೆಂಗಸರು ಅದನ್ನು ಕುಟ್ಟಿ ತೊಳೆಯುತ್ತಿದ್ದರು. ಅವರಲ್ಲಿ ಯಾರ ಹತ್ತಿರವೂ ಕಾಗದವಿರಲಿಲ್ಲ. ಗುಂಡಿಗಳಲ್ಲಿ ಜನ ಸತ್ತದ್ದರಿಂದ 1859ರಲ್ಲಿ ಸರ್ಕಾರ ನೆಲದೊಳಗೆ ಇಳಿದು ಅಗೆಯುವುದನ್ನೇ ನಿಷೇಧಿಸಿತು. ಕಾರಣ ಸುಳ್ಳಲ್ಲ, ಸಾವು ನಿಜ.

ಹನ್ನೆರಡು ವರ್ಷದ ಮೇಲೆ, 1871ರಲ್ಲಿ, ನ್ಯೂಜಿಲೆಂಡಿನ ಯುದ್ಧ ಮುಗಿಸಿ ಬೆಂಗಳೂರು ದಂಡಿನಲ್ಲಿ ನಿವೃತ್ತನಾಗಿ ನೆಲೆಸಿದ್ದ ಐರಿಷ್ ಸೈನಿಕ ಮೈಕೆಲ್ ಲಾವೆಲ್, ವಾರನ್ನನ ಹಳೆಯ ವರದಿ ಓದಿಕೊಂಡು ಎತ್ತಿನ ಗಾಡಿಯಲ್ಲಿ ಕೋಲಾರಕ್ಕೆ ಹೋದ. 1873ರಲ್ಲಿ ಸರ್ಕಾರಕ್ಕೆ ಅರ್ಜಿ ಹಾಕಿದ. 1875ರ ಫೆಬ್ರವರಿ 2ರಂದು ಅವನಿಗೆ ಇಪ್ಪತ್ತು ವರ್ಷದ ಪರವಾನಗಿ ಸಿಕ್ಕಿತು. ದೊಡ್ಡ ಗಣಿ ನಡೆಸುವ ಬಂಡವಾಳ ಅವನಲ್ಲಿರಲಿಲ್ಲ. ಕೆಲವೇ ವರ್ಷಗಳಲ್ಲಿ ಆ ಹಕ್ಕನ್ನು ಬೇರೆಯವರಿಗೆ ಬಿಟ್ಟುಕೊಟ್ಟ. 1880ರಲ್ಲಿ ಜಾನ್ ಟೇಲರ್ ಕಂಪನಿ ಕಾಲಿಟ್ಟಿತು. ಉಳಿದದ್ದು ಚರಿತ್ರೆ. ದಂಡಿನಲ್ಲಿ ಲಾವೆಲ್ ಹೆಸರಿನ ರಸ್ತೆ ಇದೆ. ಹಣತೆ ಹಿಡಿದು ಇಳಿದವರ ಜಾತಿಯ ಜನ ಆಮೇಲೆ ಅದೇ ನೆಲದೊಳಗೆ ಕೂಲಿಗಳಾಗಿ ಇಳಿದರು, ಮೈ ತಡವಿಸಿಕೊಂಡು ಹೊರಬಂದರು. 1930ರಲ್ಲಿ ಬೆರಳಚ್ಚು ಒತ್ತಿ ನೋಂದಾಯಿಸಿಕೊಳ್ಳಬೇಕೆಂಬ ಕಟ್ಟಳೆ ಬಂದಾಗ ಕೋಲಾರದ ಗಣಿ ಕಾರ್ಮಿಕರು ಮುಷ್ಕರ ಹೂಡಿದರು.

ದಂಡಿಗೇ ಹಿಂತಿರುಗೋಣ. 1864 ಎರಡು ಕಾರಣಕ್ಕೆ ನೆನಪಿಡಬೇಕಾದ ವರ್ಷ. ಆ ಆಗಸ್ಟಿನಲ್ಲಿ ಜೋಲಾರಪೇಟೆಯಿಂದ ಬೆಂಗಳೂರು ಕಂಟೋನ್ಮೆಂಟಿಗೆ ರೈಲು ಬಂತು. ಅದೇ ವರ್ಷ ದೇಶದ ಸೇನಾನೆಲೆಗಳಿಗೆಲ್ಲ ಕಂಟೋನ್ಮೆಂಟ್ ಕಾಯಿದೆ ಬಂತು. ಅದರಡಿಯಲ್ಲಿ ಸೈನಿಕರ ಬಳಿ ಹೋಗುವ ಹೆಂಗಸರು ಹೆಸರು ಬರೆಸಬೇಕು, ತಪಾಸಣೆಗೆ ಬರಬೇಕು, ರೋಗ ಕಂಡರೆ ಲಾಕ್ ಆಸ್ಪತ್ರೆಯಲ್ಲಿ ಬಂದಿಯಾಗಬೇಕು. ಬೆಂಗಳೂರಿನ ದಂಡಿನಲ್ಲೂ ಅಂಥ ಆಸ್ಪತ್ರೆ ಇತ್ತು. ಆ ಕಾಯಿದೆಯಲ್ಲಿ ಸೋಲ್ಜರನಿಗೆ ತಪಾಸಣೆ ಇರಲಿಲ್ಲ. ಕಾಯಿದೆ ಕಾಪಾಡಬೇಕೆಂದಿದ್ದ ಶರೀರ ಅವನದು, ಚೀಟಿ ಹೊರಬೇಕಾದ ಶರೀರ ಅವಳದು. ಇಂಗ್ಲೆಂಡಿನಲ್ಲೇ ಇದರ ವಿರುದ್ಧ ದೊಡ್ಡ ಗದ್ದಲವೆದ್ದು 1888ರಲ್ಲಿ ಇದೇ ಬಗೆಯ ಸಾಂಕ್ರಾಮಿಕ ಲೈಂಗಿಕ ರೋಗಗಳ ಕಾಯಿದೆ ಇಲ್ಲಿ ರದ್ದಾಯಿತು. ದಂಡಿನ ದಾಖಲೆಗಳಲ್ಲಿ ಪರವಾನಗಿ ಎಂಬುದು ಇಷ್ಟು ನಿರ್ದಯವಾಗಿ ಬೇರೆಲ್ಲೂ ಕಾಣಿಸುವುದಿಲ್ಲ.

1862ರಲ್ಲಿ ಪೇಟೆಗೂ ದಂಡಿಗೂ ಮುನಿಸಿಪಾಲಿಟಿಗಳು ಹುಟ್ಟಿದವು. 1881ರ ಮಾರ್ಚ್ 25ರಂದು ಬ್ರಿಟಿಷ್ ಕಮಿಷನರರು ಆಳುತ್ತಿದ್ದ ರಾಜ್ಯ ಚಾಮರಾಜೇಂದ್ರ ಒಡೆಯರಿಗೆ ಹಿಂತಿರುಗಿತು, ದಂಡು ಹಿಂತಿರುಗಲಿಲ್ಲ. ಅದು ಬ್ರಿಟಿಷರಿಗೆ ಬಿಟ್ಟುಕೊಟ್ಟ ಭಾಗವಾಗಿ, ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಎಂಬ ಹೆಸರಿನಲ್ಲಿ ರೆಸಿಡೆಂಟನ ಕೈಯಲ್ಲಿ ಉಳಿಯಿತು. ಒಂದು ಊರು, ಎರಡು ಸರ್ಕಾರ. ಕಬ್ಬನ್ ಪಾರ್ಕಿನ ಅಂಚಿನಲ್ಲಿ 1906ರಲ್ಲಿ ನಿಲ್ಲಿಸಿದ ವಿಕ್ಟೋರಿಯಾ ರಾಣಿಯ ಪ್ರತಿಮೆಯ ಆಚೆ ಒಂದು ಕಾನೂನು, ಈಚೆ ಇನ್ನೊಂದು. ಇಲ್ಲಿ ತಪ್ಪು ಮಾಡಿದವನು ಅಲ್ಲಿಗೆ ಓಡಿಹೋದರೆ ಒಪ್ಪಿಸಿಕೊಳ್ಳಲು ಕಾಗದಪತ್ರ ನಡೆಯಬೇಕಾಗಿತ್ತು.

ಎರಡು ಸರ್ಕಾರ ಎಂದರೆ ಬಡವನಿಗೆ ಎರಡು ಕಾಟ ಎಂದು ಹೇಳುವುದು ಸುಲಭ. ಎಷ್ಟೋ ಸಲ ಅದು ನಿಜವೂ ಆಗಿತ್ತು: ಆ ಕಾಲದ ಮುನಿಸಿಪಾಲಿಟಿಗಳಿಗೆ ಆಕ್ಟ್ರಾಯಿ ಮುಖ್ಯ ಆದಾಯ, ಗಡಿ ದಾಟಿದ ಸರಕಿಗೆ ಕಟ್ಟೆ ತಪ್ಪಿದ್ದಲ್ಲ. ಕಬ್ಬನ್ ತೆಗೆದುಹಾಕಿದ ಸುಂಕದ ಕಟ್ಟೆ ಹೊಸ ಹೆಸರಿನಲ್ಲಿ ಊರ ಬಾಯಿಗೇ ಬಂದು ಕೂತಿತ್ತು. ಕರ್ನಾಟಕದಲ್ಲಿ ಅದು ಎದ್ದುಹೋದದ್ದು 1979ರಲ್ಲಿ. ಆದರೆ ಎರಡು ಸರ್ಕಾರಗಳ ನಡುವೆ ಒಂದು ಸಂದು ಇರುತ್ತದೆ, ಆ ಸಂದಿನಲ್ಲಿ ಉಸಿರಾಡಿದವರೂ ಇದ್ದರು. 1908ರಲ್ಲಿ ದಿವಾನ್ ವಿ.ಪಿ. ಮಾಧವರಾಯರ ಸರ್ಕಾರ ವೃತ್ತಪತ್ರಿಕೆಗಳ ರೆಗ್ಯುಲೇಷನ್ ತಂದಿತು. ಸರ್ಕಾರದ ಅಪ್ಪಣೆ ಇಲ್ಲದೆ ಮೈಸೂರು ಸಂಸ್ಥಾನದಲ್ಲಿ ಪತ್ರಿಕೆ ನಡೆಸುವಂತಿಲ್ಲ. ತಾತಯ್ಯನವರು, ಎಂದರೆ ಎಂ. ವೆಂಕಟಕೃಷ್ಣಯ್ಯನವರು, ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನು ನಿಲ್ಲಿಸಿದರು; ಇನ್ನೂ ಕೆಲವು ಪತ್ರಿಕೆಗಳು ಬಾಗಿಲು ಹಾಕಿದವು. ಪತ್ರಿಕೆ ನಿಂತರೆ ನಿಲ್ಲುವುದು ಸಂಪಾದಕೀಯವೊಂದೇ ಅಲ್ಲ, ಅಚ್ಚು ಮೊಳೆ ಜೋಡಿಸುವವನ ಸಂಬಳವೂ ನಿಲ್ಲುತ್ತದೆ. ಒಂದು ಮೈಲಿ ಆಚೆ ದಂಡಿನಲ್ಲಿ ಮೈಸೂರಿನ ಈ ರೆಗ್ಯುಲೇಷನ್ ನಡೆಯುತ್ತಿರಲಿಲ್ಲ. ಜಟಕಾ ಗಾಡಿಗಳಿಗೆ ಬಣ್ಣ ಬಳಿಯುವ ಕೆಲಸವನ್ನೂ ಮಾಡಿ ಪತ್ರಿಕೋದ್ಯಮಕ್ಕೆ ಬಂದ ತರುಣ ಡಿ.ವಿ. ಗುಂಡಪ್ಪನವರು ಬೆಂಗಳೂರಿನಲ್ಲಿ ಕಣ್ಣುಬಿಟ್ಟದ್ದು ಈ ಹವೆಯಲ್ಲೇ.

ಹೆಂಡದ ಮಾತನ್ನು ಬೇಗ ಮುಗಿಸುತ್ತೇನೆ. ಮರ ಹತ್ತಿ ಹೆಂಡ ಇಳಿಸುವ ಈಡಿಗರ ಕಸುಬು ಅಬಕಾರಿ ಹರಾಜಿಗೆ ಬಿದ್ದಾಗ, ದೊಡ್ಡ ಮೊತ್ತ ಕೂಗಬಲ್ಲವನೇ ಹೆಂಡದ ಧಣಿಯಾದ. ಮರ ಹತ್ತುವವನು ಅವನ ಆಳಾದ. ಸೈನಿಕರ ಬಾಯಾರಿಕೆಗೆ ದಂಡಿನಲ್ಲಿ ಬಿಯರ್ ಕಾರ್ಖಾನೆಗಳು ಎದ್ದವು, 1915ರಲ್ಲಿ ಅವು ಯುನೈಟೆಡ್ ಬ್ರೂವರೀಸ್ ಎಂಬ ಒಂದೇ ಕಂಪನಿಯ ಕೊಡೆಯಡಿ ಸೇರಿದವು. ಆ ಲೆಕ್ಕದ ಪುಸ್ತಕ ಬೇರೆಯೇ.

1898ರ ಆಗಸ್ಟಿನಲ್ಲಿ ಪ್ಲೇಗು ಬಂತು. ಹುಬ್ಬಳ್ಳಿ ಕಡೆಯ ರೈಲಿನಲ್ಲಿ ಬಂತು. 1891ರಲ್ಲಿ 1,00,081 ಇದ್ದ ದಂಡಿನ ಜನಸಂಖ್ಯೆ 1901ಕ್ಕೆ 89,599ಕ್ಕೆ ಇಳಿಯಿತು. ಸತ್ತವರೆಷ್ಟೋ, ಗಂಟು ಕಟ್ಟಿಕೊಂಡು ಓಡಿದವರೆಷ್ಟೋ. ಪ್ಲೇಗು ಬಂದ ಹಿಂದಿನ ವರ್ಷವಷ್ಟೇ ಬ್ರಿಟಿಷ್ ಇಂಡಿಯಾ ಸಾಂಕ್ರಾಮಿಕ ರೋಗಗಳ ಕಾಯಿದೆ ಮಾಡಿಕೊಂಡಿತ್ತು. ಪ್ರಯಾಣಿಕರ ತಪಾಸಣೆ, ಮನೆಗಳ ಶೋಧ, ರೋಗಿಗಳನ್ನು ಎತ್ತಿಕೊಂಡುಹೋಗುವುದು ಎಲ್ಲವೂ ಶುರುವಾದವು. ದಿನದ ದುಡಿಮೆಯವನಿಗೆ ರೋಗದಷ್ಟೇ ಭಯ ತಪಾಸಣೆಯದೂ ಆಗಿತ್ತು, ಏಕೆಂದರೆ ಮನೆಯ ಬಾಗಿಲಿಗೆ ಗುರುತು ಬಿದ್ದವನ ಹಾಲನ್ನು ಯಾರೂ ಕೊಳ್ಳುವುದಿಲ್ಲ.

ಪ್ಲೇಗಿನಿಂದ ದಂಡಿನ ಅಧಿಕಾರಿಗಳು ಕಲಿತ ಪಾಠ, ಬಜಾರೇ ರೋಗದ ಮೂಲ ಎಂಬುದು. ಬ್ಲ್ಯಾಕ್‌ಪಲ್ಲಿಯ, ಎಂದರೆ ಇಂದಿನ ಶಿವಾಜಿನಗರದ, ಕಿಕ್ಕಿರಿದ ಕೇರಿಗಳ ಮೇಲೆ ಕಣ್ಣು ಬಿತ್ತು. ಉತ್ತರದ ಬಯಲಿನಲ್ಲಿ ಅಗಲವಾದ ಬೀದಿಗಳ ಬಡಾವಣೆ ಎದ್ದು, 1910ರಲ್ಲಿ ರೆಸಿಡೆಂಟ್ ಸ್ಟುವರ್ಟ್ ಫ್ರೇಸರನ ಹೆಸರು ಹೊತ್ತಿತು. ಚರ್ಮ ಹದ ಮಾಡುವವರು, ಕಟುಕರು, ಹಸು ಕಟ್ಟುವವರು, ಸುಣ್ಣ ಸುಡುವವರು, ಹುಲ್ಲಿನ ಬಣವೆ ಒಡ್ಡುವವರು ಇವರೆಲ್ಲ ಮುನಿಸಿಪಲ್ ಕಾನೂನುಗಳ ಭಾಷೆಯಲ್ಲಿ ಅಸಹ್ಯ ಅಥವಾ ಅಪಾಯದ ಕಸುಬಿನವರು. ವರ್ಷಕ್ಕೊಮ್ಮೆ ಲೈಸೆನ್ಸು, ಹೇಳಿದ ಜಾಗದಲ್ಲೇ ಕೆಲಸ. ನೊಣ ಮುತ್ತಿದ ಮಾಂಸ, ನೀರು ಬೆರೆತ ಹಾಲು ಕೊಳ್ಳುವವಳು ಬಡವಳೇ ಆದ್ದರಿಂದ ಈ ನಿಯಮಗಳಲ್ಲಿ ಅವಳ ಹಿತವೂ ಇತ್ತು. ಆದರೆ ಫೀಸು ಕಟ್ಟಿ ಸಿಮೆಂಟಿನ ನೆಲ ಹಾಕಿಸಿಕೊಳ್ಳಬಲ್ಲ ಕಟುಕ ಉಳಿದ, ಒಂದು ಕುರಿ ಕಡಿದು ಸಂಜೆಯೊಳಗೆ ಮಾರುತ್ತಿದ್ದವನು ಅವನ ಅಂಗಡಿಯಲ್ಲಿ ಕತ್ತಿ ಹಿಡಿದು ನಿಂತ.

ಈ ಇಡೀ ಆಲೋಚನೆಗೆ ಇಟ್ಟಿಗೆ ಗಾರೆಯ ರೂಪ ಸಿಕ್ಕದ್ದು ರಸೆಲ್ ಮಾರುಕಟ್ಟೆಯಲ್ಲಿ. 1927ರಲ್ಲಿ ಕಟ್ಟಿಸಿದ್ದು, ಮುನಿಸಿಪಲ್ ಕಮಿಷನರ್ ಟಿ.ಬಿ. ರಸೆಲ್ ಹೆಸರು. 1933ರಲ್ಲಿ ವಿಧ್ಯುಕ್ತವಾಗಿ ತೆರೆದವರು ಸೌತ್ ಪೆರೇಡಿನಲ್ಲಿ ಮಳಿಗೆ ನಡೆಸಿ ದಂಡಿನ ದೊಡ್ಡ ವರ್ತಕರಾದ ಹಾಜಿ ಸರ್ ಇಸ್ಮಾಯಿಲ್ ಸೇಟರು. ಕಮಾನು, ಗೋಪುರ, ಒಳಗೆ ಹಣ್ಣಿಗೊಂದು ಸಾಲು, ಹೂವಿಗೊಂದು ಸಾಲು, ಮೀನಿಗೆ ಮಾಂಸಕ್ಕೆ ಬೇರೆ ಬೇರೆ ಕೋಣೆ. ಇಂದಿಗೂ ಒಳಗೆ ಕಾಲಿಟ್ಟವರಿಗೆ ತಿಳಿಯುತ್ತದೆ, ಕಟ್ಟಿದವರಿಗೆ ವ್ಯಾಪಾರ ಗೊತ್ತಿತ್ತು. ಮಳೆಗೆ ನೆನೆಯದ ಸೂರು, ಹರಿಯುವ ನೀರು, ಬಾಡಿಗೆಗೆ ಬದಲಾಗಿ ಭದ್ರವಾದ ಜಾಗ, ಇವು ಸಣ್ಣ ವರಗಳಲ್ಲ. ಮಳಿಗೆ ದಕ್ಕಿದ ಮನೆತನಗಳು ಎರಡು ಮೂರು ತಲೆಮಾರು ಅದರಲ್ಲೇ ಬೆಳೆದವು. ದಕ್ಕದವರು ಮಾರುಕಟ್ಟೆಯ ಹೊರಗೋಡೆಗೆ ಆನಿಸಿಕೊಂಡು, ಚೌಕದ ಸುತ್ತ ಗೋಣಿತಾಟು ಹಾಸಿ ಕೂತರು. ಗೋಡೆ ಎದ್ದ ದಿನವೇ ಒಳಗಿನವನು ವರ್ತಕನಾದ, ಹೊರಗಿನವನು ಒತ್ತುವರಿದಾರನಾದ. 2012ರ ಫೆಬ್ರವರಿಯ ಬೆಂಕಿ ನೂರಕ್ಕೂ ಹೆಚ್ಚು ಮಳಿಗೆಗಳನ್ನು ಸುಟ್ಟಿತು. ಅದೇ ಜಾಗದಲ್ಲಿ ವ್ಯಾಪಾರ ಮತ್ತೆ ಎದ್ದಿತು.

1947ರ ಜುಲೈ 26ರಂದು ದಂಡು ಮೈಸೂರಿಗೆ ಹಿಂತಿರುಗಿತು. ದಂಡಿನ ಕಾನೂನುಗಳು ಆ ದಿನವೇ ಗಂಟು ಕಟ್ಟಲಿಲ್ಲ; ಹಿಂತಿರುಗಿದ ಪ್ರದೇಶಕ್ಕೆ ಯಾವ ಕಾನೂನು ಅನ್ವಯ ಎಂಬುದಕ್ಕೇ 1948ರಲ್ಲಿ ಒಂದು ಕಾಯಿದೆ ಬೇಕಾಯಿತು. 1949ರಲ್ಲಿ ಎರಡು ಮುನಿಸಿಪಾಲಿಟಿಗಳು ಸೇರಿ ಒಂದು ಕಾರ್ಪೊರೇಷನ್ ಆದವು. ಲೈಸೆನ್ಸಿನ ಪುಸ್ತಕದ ಮೇಲಿನ ಲಾಂಛನ ಬದಲಾಯಿತು.

ಮುಂದಿನ ನಾಲ್ಕು ದಶಕ ದಿಲ್ಲಿಯ ಪರ್ಮಿಟ್ಟುಗಳದು. 1951ರ ಕೈಗಾರಿಕಾ ಕಾಯಿದೆ ಬಂದ ಮೇಲೆ ಕಾರ್ಖಾನೆ ಎಷ್ಟು ತಯಾರಿಸಬೇಕೆಂಬುದಕ್ಕೂ ಲೈಸೆನ್ಸು ಬೇಕಾಯಿತು. 1948ರಲ್ಲಿ ಕೃಷ್ಣರಾಜಪುರದ ಹತ್ತಿರ ಶುರುವಾದ ಐಟಿಐ ಸಾವಿರಾರು ಕನ್ನಡದ ಮನೆಗಳಿಗೆ ತಿಂಗಳ ಸಂಬಳ ತಂದುಕೊಟ್ಟಿತು, ದೂರವಾಣಿನಗರವೆಂಬ ಊರನ್ನೇ ಕಟ್ಟಿತು. ಅಲ್ಲಿ ಟೆಲಿಫೋನು ಜೋಡಿಸುವವನು ತನ್ನ ಮನೆಗೊಂದು ಟೆಲಿಫೋನಿಗೆ ಅರ್ಜಿ ಹಾಕಿ ವರ್ಷಗಟ್ಟಲೆ ಸರದಿಯಲ್ಲಿರುತ್ತಿದ್ದ. ಇದನ್ನು ತಮಾಷೆಯೆನ್ನಬೇಕೋ ಏನೆನ್ನಬೇಕೋ.

ಬೀದಿಯ ವ್ಯಾಪಾರಿಗಂತೂ ಪರ್ಮಿಟ್ಟೇ ಇರಲಿಲ್ಲ. ಅವಳಿಗೆ ಇದ್ದದ್ದು ಮಾಮೂಲು. ಬೀಟಿನ ಪೊಲೀಸಿನವನಿಗಿಷ್ಟು, ಕಾರ್ಪೊರೇಷನ್ನಿನ ಲಾರಿಯವನಿಗಿಷ್ಟು, ಬೀದಿಯ ದಾದಾನಿಗಿಷ್ಟು. ರಸೀತಿಯಿಲ್ಲದ ಈ ಲೈಸೆನ್ಸು ಯಾವ ಮುನಿಸಿಪಲ್ ಫೀಸಿಗಿಂತಲೂ ದುಬಾರಿ, ಅದೂ ಇವತ್ತಿನದು ಇವತ್ತಿಗಷ್ಟೇ. ಹೀಗಾಗಿ ಒಂದು ವಿಚಿತ್ರ ನಡೆಯಿತು. ದಂಡಿನ ಕಾಲದಿಂದ ಚೀಟಿಗೆ ಹೆದರಿಕೊಂಡು ಬಂದ ಜನವೇ ಚೀಟಿ ಕೊಡಿ ಎಂದು ಬೀದಿಗಿಳಿದರು. 1989ರಲ್ಲಿ ಸೋದನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಬೀದಿಯಲ್ಲಿ ವ್ಯಾಪಾರ ಮಾಡುವುದು, ನಿರ್ಬಂಧಗಳಿಗೆ ಒಳಪಟ್ಟಂತೆ, ಮೂಲಭೂತ ಹಕ್ಕು ಎಂದಿತು. 2014ರಲ್ಲಿ ಬೀದಿಬದಿ ವ್ಯಾಪಾರಿಗಳ ಕಾಯಿದೆ ಬಂತು: ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಎಬ್ಬಿಸುವಂತಿಲ್ಲ, ಪಟ್ಟಣ ವ್ಯಾಪಾರ ಸಮಿತಿಯಲ್ಲಿ ವ್ಯಾಪಾರಿಗಳ ಪ್ರತಿನಿಧಿಗಳೂ ಇರಬೇಕು. ಬೆಂಗಳೂರು ಪಾಲಿಕೆಯ 2017ರ ಸಮೀಕ್ಷೆ ಸುಮಾರು 25,000 ಜನರನ್ನು ಎಣಿಸಿತು. ಬೀದಿಯಲ್ಲಿ ಕೂರುವವರು ಅದರ ಎಷ್ಟೋ ಪಾಲು ಹೆಚ್ಚು ಎಂದು ಸಂಘಗಳವರು ಹೇಳುತ್ತ ಬಂದರು. 2020ರ ಜೂನಿನಲ್ಲಿ, ಲಾಕ್‌ಡೌನಿನಿಂದ ನೆಲಕಚ್ಚಿದವರಿಗೆ 10,000 ರೂಪಾಯಿ ಸಾಲದ ಸ್ವನಿಧಿ ಯೋಜನೆ ಬಂದಾಗ ಅದೇ ಕಾಗದ ಬ್ಯಾಂಕಿನ ಬಾಗಿಲು ತೆರೆಯಿತು. ಪಟ್ಟಿಯಲ್ಲಿ ಹೆಸರಿಲ್ಲದವರು ಶಿಫಾರಸು ಪತ್ರಕ್ಕೆ ಅಲೆದರು.

ಆ ಪ್ರಮಾಣಪತ್ರದ ಷರತ್ತುಗಳನ್ನು ಒಮ್ಮೆ ಓದಬೇಕು. ವ್ಯಾಪಾರವನ್ನು ತಾನೇ ಅಥವಾ ಮನೆಯವರೇ ನಡೆಸಬೇಕು. ತನಗೆ ಬೇರೆ ಜೀವನೋಪಾಯ ಇಲ್ಲವೆಂದು ಬರೆದುಕೊಡಬೇಕು. ಪತ್ರವನ್ನು ಮಾರುವಂತಿಲ್ಲ, ಬಾಡಿಗೆಗೆ ಕೊಡುವಂತಿಲ್ಲ. ಸತ್ತರೆ, ಕಾಯಂ ಅಂಗವಿಕಲತೆ ಬಂದರೆ ಅಥವಾ ಕಾಯಿಲೆ ಬಿದ್ದರೆ ಗಂಡನಿಗೋ ಹೆಂಡತಿಗೋ ಅವಲಂಬಿತ ಮಗುವಿಗೋ ಹೋಗುತ್ತದೆ. ಜಾಗಗಳನ್ನು ದೊಡ್ಡ ಕುಳಗಳು ಬಾಚಿಕೊಳ್ಳದಿರಲೆಂದು ಇಟ್ಟ ಕಾವಲು ಇದು, ಒಳ್ಳೆಯ ಉದ್ದೇಶವೇ. ಲಾವೆಲ್ 1875ರಲ್ಲಿ ಪಡೆದ ಕಾಗದಕ್ಕೆ ಇಂಥ ಷರತ್ತು ಇದ್ದಿದ್ದರೆ ಅವನು ಇಪ್ಪತ್ತು ವರ್ಷ ಮಾರಿಕುಪ್ಪದಲ್ಲಿ ತಾನೇ ಗುದ್ದಲಿ ಹಿಡಿಯಬೇಕಾಗುತ್ತಿತ್ತು. ಶಿವಾಜಿನಗರದ ಚೌಕದಲ್ಲಿ ಸೊಪ್ಪು ಮಾರುವವಳು ಪಕ್ಕದಲ್ಲೊಂದು ಹೂವಿನ ಅಂಗಡಿಯನ್ನೂ ಇಟ್ಟುಕೊಂಡರೆ, ಆ ದಿನವೇ ಅವಳು ಬರೆದುಕೊಟ್ಟ ಮಾತು ಸುಳ್ಳಾಗುತ್ತದೆ.